ಮಂಗಳೂರು, ಉಡುಪಿ ಆಸುಪಾಸಿನಲ್ಲಿ ಮಣ್ಣು ರಸ್ತೆ ಇನ್ನೂ ಎಲ್ಲಿ ಉಳಿದಿದೆ? ಗ್ರಾವೆಲ್ ಸೈಕಲ್ಲಿನವರು ಹೇಳಿ

ಕದ್ರಿಗುಡ್ಡೆ

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಒಂದು ಗ್ರಾವೆಲ್ ಸೈಕಲ್ ತೆಗೆದುಕೊಂಡೆ, ಡಾಂಬರು, ಮಣ್ಣು ಎರಡರಲ್ಲೂ ಓಡುವಂಥದ್ದು. ಬಾಗಿದ ಹ್ಯಾಂಡಲ್, ಡಿಸ್ಕ್ ಬ್ರೇಕ್, 40 ಎಂಎಂ ಟಯರು. ಮನೆಯಲ್ಲಿ ಹೇಳಿದ ಬೆಲೆ ಬೇರೆ, ಬಿಲ್ಲಿನಲ್ಲಿ ಇರುವುದು ಬೇರೆ, ಆ ವಿಷಯ ಈಗ ಬೇಡ.

ಸಮಸ್ಯೆ ಎಂತ ಅಂದರೆ ಓಡಿಸಲು ಮಣ್ಣು ರಸ್ತೆಯೇ ಸಿಗುತ್ತಿಲ್ಲ. ಕಳೆದ ಭಾನುವಾರ ವಾಮಂಜೂರಿನಿಂದ ಪಿಲಿಕುಳ ದಾಟಿ ಒಳಗೆ ಹೋದೆ. ಫೋನಿನ ನಕ್ಷೆಯಲ್ಲಿ ಚುಕ್ಕೆ ಚುಕ್ಕೆ ಗೆರೆ ಇತ್ತು, ನೋಡಿ ಖುಷಿ ಆಯಿತು. ಹೋದರೆ ಹೊಚ್ಚ ಹೊಸ ಕಾಂಕ್ರೀಟು, ಬದಿಯಲ್ಲಿ ಇನ್ನೂ ಗೋಣಿಚೀಲ ಹಾಸಿ ನೀರು ಬಿಟ್ಟಿದ್ದರು. ಇನ್ನೊಂದು ಗೆರೆ ಹಿಡಿದೆ. ಅದು ಯಾರದೋ ಅಂಗಳದಲ್ಲಿ ಮುಗಿಯಿತು. ಅಂಗಳ ತುಂಬ ಅಡಿಕೆ ಒಣಹಾಕಿದ್ದರು, ನಾನು ಬ್ರೇಕು ಹಿಡಿದು ನಿಂತದ್ದು ಅಡಿಕೆಯಿಂದ ಒಂದು ಮೊಳ ದೂರದಲ್ಲಿ. ಮೂರನೇ ಗೆರೆ ಹಳೇ ಕಲ್ಲುಕೋರೆಯ ಹೊಂಡಕ್ಕೆ ಹೋಯಿತು. ಹೊಂಡದಲ್ಲಿ ನೀರು, ಸುತ್ತ ಬೇಲಿ ಇಲ್ಲ. ಅಲ್ಲಿಂದ ವಾಪಸ್ ಬಂದೆ.

60ರಿಂದ 80 ಕಿಮೀ ಸಾಕು. ಒಂಚೂರು ಕಾಡು, ಒಂದು ಕೆರೆ, ಏರು ಇದ್ದರೂ ತೊಂದರೆ ಇಲ್ಲ. ಮಧ್ಯಾಹ್ನ ಊಟಕ್ಕೆ ಮನೆಯಲ್ಲಿ ಇರಬೇಕು. ಗೊತ್ತಿದ್ದವರು ಹೇಳಿ.

ಹಾಡಿಬದಿ

ಮಾರಾಯ್ರೆ, ನೀವು ಹತ್ತು ವರ್ಷ ತಡ ಮಾಡಿದಿರಿ. ಈಗ ಪ್ರತಿ ವಾರ್ಡಿಗೂ ಕಾಂಕ್ರೀಟ್ ರಸ್ತೆ ಬಂದಿದೆ. ಸೈಕಲ್ ಮಾರಿ ಸ್ಕೂಟರ್ ತೆಗೆದುಕೊಳ್ಳಿ 😀

ಕರಿಕಲ್ಲು ಕಾರ್ಕಳ

ಮೇಲಿನವರ ಮಾತು ಕೇಳಬೇಡಿ. ಮಣ್ಣು ರಸ್ತೆ ಉಂಟು, ಆದರೆ 70 ಕಿಮೀ ಒಂದೇ ಸಮ ಮಣ್ಣು ಎಲ್ಲೂ ಇಲ್ಲ. ನಮ್ಮಲ್ಲಿ ಅದು ತುಂಡು ತುಂಡಾಗಿಯೇ ಸಿಗುವುದು. ಎರಡು ಕಿಮೀ ಡಾಂಬರು, ಒಂದು ಕಿಮೀ ಕೆಂಪು ಮಣ್ಣು, ಒಂದು ಕಾಂಕ್ರೀಟ್ ಏರು, ಮತ್ತೆ ರಬ್ಬರ್ ತೋಟದ ದಾರಿ. ಎಲ್ಲದರಲ್ಲೂ ಓಡುವ ಸೈಕಲ್ ಬೇಕು ಅಂತಲೇ ಅಲ್ವಾ ಗ್ರಾವೆಲ್ ತೆಗೆದುಕೊಂಡದ್ದು?

ನಾನು ಮಾಡುವ ಸುತ್ತು ಹೇಳುತ್ತೇನೆ. ನನ್ನ ಮಟ್ಟಿಗೆ ಇದರ ಹೆಸರು ಎರಡು ಗೊಮ್ಮಟ ಸುತ್ತು. ಕಾರ್ಕಳದಿಂದ ಶುರು. ಆನೆಕೆರೆ, ರಾಮಸಮುದ್ರ ಎರಡೂ ಪೇಟೆಯಲ್ಲೇ ಇವೆ, ಹೊರಡುವಾಗಲೇ ಕೆರೆ ಆಯಿತು. ಗೊಮ್ಮಟ ಬೆಟ್ಟದ ಬುಡದಿಂದ ಮಿಯಾರು, ಬಜಗೋಳಿ. ಅಲ್ಲಿಂದ ಎಡಕ್ಕೆ ಹೋದರೆ ಮಾಳ, ಎಸ್.ಕೆ. ಬಾರ್ಡರ್ (ಹಳೇ ಸೌತ್ ಕೆನರಾ ಜಿಲ್ಲೆಯ ಗಡಿ), ಘಾಟಿ. ನೀವು ಹೋಗಬಾರದು, ಹೊಸ್ಮಾರು ಕಡೆಗೆ ನೇರ ಹೋಗಿ. ಆಮೇಲೆ ನಾರಾವಿ, ಅಲ್ಲಿಂದ ವೇಣೂರು. ವೇಣೂರಿನಲ್ಲಿ ಎರಡನೇ ಗೊಮ್ಮಟ, ಫಲ್ಗುಣಿ ಹೊಳೆಯ ದಂಡೆಯಲ್ಲಿ. ಮತ್ತೆ ಮೂಡುಬಿದಿರೆ, ಕಡಲಕೆರೆ, ಕಾರ್ಕಳ. ಒಟ್ಟು ಸುಮಾರು 70 ಕಿಮೀ.

ಕಾರ್ಕಳದ ಗೊಮ್ಮಟ 42 ಅಡಿ, 1432ರದ್ದು. ವೇಣೂರಿನದು 35 ಅಡಿ, 1604ರದ್ದು. 172 ವರ್ಷದ ಅಂತರ, ಸೈಕಲ್ಲಿನಲ್ಲಿ ಒಂದು ಬೆಳಗ್ಗೆ. ಕಾರ್ಕಳದ್ದು ಬಂಡೆಗುಡ್ಡದ ಮೇಲೆ, ಊರಿಗೆಲ್ಲ ಕಾಣುತ್ತದೆ. ವೇಣೂರಿನದ್ದು ಹತ್ತಿರ ಹೋದ ಮೇಲೆಯೇ ಕಾಣುವುದು. ನನಗೆ ವೇಣೂರೇ ಇಷ್ಟ, ಮುಖ್ಯ ಕಾರಣ ಅಲ್ಲಿ ಮೆಟ್ಟಿಲು ಹತ್ತಬೇಕಾಗಿಲ್ಲ. ಸೈಕಲ್ ಶೂ ಹಾಕಿ ಕಾರ್ಕಳದ ಬಂಡೆ ಮೆಟ್ಟಿಲು ಹತ್ತಿ ನೋಡಿ, ಗೊತ್ತಾಗುತ್ತದೆ.

ಮುಖ್ಯ ರಸ್ತೆ ಇಡೀ ಡಾಂಬರು. ಮಣ್ಣು ಬೇಕಾದರೆ ಬಜಗೋಳಿ ಕಳೆದ ಮೇಲೆ ಒಳದಾರಿ ಹಿಡಿಯಬೇಕು. ಅದನ್ನು ನಕ್ಷೆಯಲ್ಲಿ ಹುಡುಕಬೇಡಿ. ಯಾವುದಾದರೂ ಗೂಡಂಗಡಿಯಲ್ಲಿ ಚಹಾ ಕುಡಿದು "ಹೊಸ್ಮಾರಿಗೆ ಒಳಗಿಂದ ದಾರಿ ಉಂಟಾ?" ಅಂತ ಕೇಳಿ. ಅಂಗಡಿಯಲ್ಲಿ ಕೂತವರೆಲ್ಲ ಒಟ್ಟಿಗೆ ದಾರಿ ಹೇಳುತ್ತಾರೆ, ಅರ್ಧ ಜನ ತಪ್ಪು ಹೇಳುತ್ತಾರೆ, ಉಳಿದ ಅರ್ಧ ಜನ ಅವರನ್ನು ತಿದ್ದುತ್ತಾರೆ. ಹತ್ತು ನಿಮಿಷ ಕೂತರೆ ಸರಿಯಾದ ದಾರಿ ತಾನಾಗಿ ಹೊರಗೆ ಬರುತ್ತದೆ.

ಗಾಳಿಪಂಪು

ನಾನು ಸೈಕಲ್ ರಿಪೇರಿ ಮಾಡುವವನು. ದಾರಿಯ ಬಗ್ಗೆ ಅವರು ಹೇಳಲಿ, ನಾನು ಟಯರಿನ ಬಗ್ಗೆ ಹೇಳುತ್ತೇನೆ.

ಒಂದು. ಅಂಗಡಿಯಿಂದ ಬಂದ ಗಾಳಿಯಲ್ಲೇ ಓಡಿಸಬೇಡಿ. ಮೊನ್ನೆ ಒಬ್ಬರು ತಂದರು, ಹೊಸ ಗ್ರಾವೆಲ್ ಸೈಕಲ್, 40 ಎಂಎಂ ಟಯರಿನಲ್ಲಿ 70 ಪಿಎಸ್ಐ. ಮಾರಿದವರೇ ಹಾಕಿ ಕೊಟ್ಟದ್ದಂತೆ. ಕಲ್ಲಿನ ಮೇಲೆ ಚೆಂಡಿನ ಹಾಗೆ ಪುಟಿಯುತ್ತಿತ್ತು ಪಾಪ. ನೀವು 70 ಕೆಜಿ ಆಸುಪಾಸು ಇದ್ದು, ಟ್ಯೂಬ್‌ಲೆಸ್ ಆದರೆ 30ರಿಂದ 35 ಸಾಕು, ಹಿಂದೆ ಒಂದೆರಡು ಜಾಸ್ತಿ. ಟ್ಯೂಬ್ ಇದ್ದರೆ ಸ್ವಲ್ಪ ಏರಿಸಿ. ಇಲ್ಲದಿದ್ದರೆ ಕಾಂಕ್ರೀಟಿನ ಅಂಚಿಗೆ ಹೊಡೆದಾಗ ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ.

ಎರಡು. ನಿಮ್ಮ ವಾಲ್ವ್ ಪ್ರೆಸ್ಟಾ, ಸಪೂರದ್ದು. ಪೆಟ್ರೋಲ್ ಬಂಕಿನ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಸಿಗುತ್ತದೆ, ಗುಂಡಿಯಷ್ಟು ದೊಡ್ಡದು. ಎರಡು ತೆಗೆದುಕೊಳ್ಳಿ, ಒಂದು ಕಳೆದೇ ಹೋಗುತ್ತದೆ.

ಮೂರು. ಟ್ಯೂಬ್‌ಲೆಸ್ ಒಳಗಿನ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ನಮ್ಮ ಸೆಕೆಗೆ ಬೇಗ ಒಣಗುತ್ತದೆ. ಪ್ಯಾಕೆಟ್ಟಿನಲ್ಲಿ ಆರು ತಿಂಗಳು ಅಂತ ಬರೆದಿದ್ದರೂ ಎರಡು ಮೂರು ತಿಂಗಳಿಗೊಮ್ಮೆ ನೋಡಿ. ಟಯರು ಅಲ್ಲಾಡಿಸಿದಾಗ ಒಳಗೆ ಸದ್ದು ಬರದಿದ್ದರೆ ಖಾಲಿ ಅಂತ ಲೆಕ್ಕ.

ಬ್ರೇಕು ಇನ್ನೊಂದು. ಕೆಂಪು ಮಣ್ಣು, ನೀರು ಸೇರಿದರೆ ಅರೆಯುವ ಕಲ್ಲಿನ ಹಾಗೆ ಕೆಲಸ ಮಾಡುತ್ತದೆ. ರೆಸಿನ್ ಪ್ಯಾಡ್ ಮಳೆಗಾಲದಲ್ಲಿ ಕೆಲವೇ ಸವಾರಿಗೆ ತಗಡು ತೋರಿಸುತ್ತದೆ. ಸಿಂಟರ್ಡ್ ಪ್ಯಾಡ್, ಅಂದರೆ ಲೋಹದ ಪುಡಿಯದ್ದು, ಹಾಕಿ. ಕಿರ್ರ್ ಅನ್ನುತ್ತದೆ, ಅನ್ನಲಿ.

ಪದವು

ಕಲ್ಲಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಹೊರಗಿನ ವಿಡಿಯೋ ನೋಡಿ ಇಲ್ಲಿ ಸೈಕಲ್ ಬಿಟ್ಟವರು ಎಲ್ಲರೂ ಒಂದು ಸಲ ಬೀಳುತ್ತಾರೆ.

ಗ್ರಾವೆಲ್ ಅಂತ ಅವರು ಹೇಳುವುದು ಜಲ್ಲಿ ಹಾಸಿದ ರಸ್ತೆ. ಅಮೆರಿಕದ ಕಾನ್ಸಾಸ್‌ನಲ್ಲಿ ಎಂಪೋರಿಯಾ ಅಂತ ಒಂದು ಊರು, ಅಲ್ಲಿ 2006ರಿಂದ ದೊಡ್ಡ ಗ್ರಾವೆಲ್ ರೇಸ್ ನಡೆಯುತ್ತದೆ, ಮುಖ್ಯ ಓಟ 200 ಮೈಲಿ. ಅಲ್ಲಿನ ಚಕಮಕಿ ಕಲ್ಲು ಟಯರನ್ನು ಕೊಯ್ದು ಹಾಕುತ್ತದೆ. ನಮ್ಮ ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕೊಯ್ಯುವುದಿಲ್ಲ, ಉರುಳುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಮಂಡಿ ಹೋಗುವುದು ಅದರಲ್ಲಿಯೇ.

ಬಗ್ಗಿ ನೋಡಿ ಒಮ್ಮೆ. ಕೆಳಗೆ ಗಟ್ಟಿ ಪಾದೆ, ಅಂದರೆ ಬಂಡೆ, ಸಿಮೆಂಟು ನೆಲದ ಹಾಗೆ. ಅದರ ಮೇಲೆ ಕಡಲೆಕಾಳಿನಷ್ಟು ದೊಡ್ಡ, ಕೆಂಪು ಕಪ್ಪು ಬಣ್ಣದ ಉರುಟು ಚರಳು. ಕೈಯಲ್ಲಿ ಹಿಡಿದರೆ ಹೊರಗೆ ನುಣುಪು, ಒಡೆದರೆ ಒಳಗೆ ತುಕ್ಕಿನ ಬಣ್ಣ. ಗಟ್ಟಿ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ನೇರ ಹೋದರೆ ಎಂತ ಆಗುವುದಿಲ್ಲ. ತಿರುವಿನಲ್ಲಿ ಮುಂದಿನ ಬ್ರೇಕು ಒತ್ತಿದಿರೋ, ಮುಂದಿನ ಚಕ್ರ ನಿಮ್ಮನ್ನು ಕೇಳದೆ ಹೋಗುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಸುಮ್ನೆ ಬಿಡಿ.

ಈ ಕಲ್ಲಿಗೆ ಲ್ಯಾಟರೈಟ್ ಅಂತ ಇಂಗ್ಲಿಷ್ ಹೆಸರು ಇಟ್ಟದ್ದು ಫ್ರಾನ್ಸಿಸ್ ಬುಕಾನನ್, 1807ರ ಪುಸ್ತಕದಲ್ಲಿ, ಮಲಬಾರಿನ ಅಂಗಾಡಿಪುರಂನ ಕಲ್ಲು ನೋಡಿ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತ ಅರ್ಥ. ಅಗೆಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಹಾಗಾಗಿ ವರ್ಷಗಟ್ಟಲೆ ಜನ ನಡೆದ ಪದವಿನ (ಬೋಳುಗುಡ್ಡದ) ದಾರಿ ಎಷ್ಟು ಮಳೆ ಬಂದರೂ ಕೆಸರಾಗುವುದಿಲ್ಲ. ಮೊನ್ನೆ ಜೆಸಿಬಿ ಕೆರೆದ ದಾರಿ ಮಾತ್ರ ಒಂದೇ ಮಳೆಗೆ ಗಂಜಿ.

ಕದ್ರಿಗುಡ್ಡೆ

ಕರಿಕಲ್ಲು ಅಣ್ಣ, ಥ್ಯಾಂಕ್ಸ್. ಗಾಳಿ ನೋಡಿದೆ, ನನ್ನದರಲ್ಲೂ 65 ಇತ್ತು!! ಮಳೆಗಾಲದಲ್ಲಿ ಈ ಸುತ್ತು ಆಗುತ್ತದಾ? ಜೂನ್‌ನಲ್ಲಿ ಹಸಿರು ಚಂದ ಇರುತ್ತದೆ ಅಂತ ಆಸೆ.

ಕರಿಕಲ್ಲು ಕಾರ್ಕಳ

ಡಾಂಬರು ಆಗುತ್ತದೆ. ಒಳದಾರಿ ಬೇಡ. ನಾನು ಲೆಕ್ಕ ಹಾಕುವುದು ಹೀಗೆ. ಪತ್ತನಾಜೆ, ಮೇ ಕೊನೆಗೆ ಬರುವ ತುಳುವರ ಗಡು ದಿನ, ಕಳೆಯಿತು ಅಂದರೆ ಕೋಲವೂ ಇಲ್ಲ, ಯಕ್ಷಗಾನದ ಆಟವೂ ಇಲ್ಲ, ನನ್ನ ಒಳದಾರಿಯೂ ಇಲ್ಲ. ಕರಾವಳಿಗೆ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಮೀ ಮಳೆ, ಬಹುತೇಕ ಎಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಾದೆಯ ಮೇಲೆ ಪಾಚಿ ಕಟ್ಟುತ್ತದೆ, ಅದರ ಮೇಲೆ ಯಾವ ಟಯರೂ ನಿಲ್ಲುವುದಿಲ್ಲ. ಕಾಂಕ್ರೀಟ್ ಏರಿನಲ್ಲೂ ನೆರಳು ಇರುವ ಜಾಗದಲ್ಲಿ ಪಾಚಿಯೇ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಮ್ಮೆ ಏರು ಹತ್ತುವಾಗ ಹಿಂದಿನ ಚಕ್ರ ತಿರುಗುತ್ತಲೇ ಇತ್ತು, ನಾನು ಮಾತ್ರ ಹಿಂದೆ ಬರುತ್ತಿದ್ದೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ಆದ ಮೇಲೆ ಎಂಟು ಗಂಟೆಗೇ ಸೆಕೆ, ತರಗೆಲೆಯ ಕೆಳಗೆ ಹೊಂಡ ಕಾಣುವುದಿಲ್ಲ.

ಬೆಟ್ಟದಬುಡ

ಕಾಡು ಬೇಕು ಅಂದವರಿಗೆ ಮಾಳದ ಹತ್ತಿರದಿಂದ ಒಳಗೆ ಒಂದು ಜೀಪ್ ದಾರಿ ಉಂಟು. ಒಳ್ಳೇ ಕಾಡು. ನಾನು ಎರಡು ಸಲ ಹೋಗಿದ್ದೇನೆ, ಯಾರೂ ಕೇಳಲಿಲ್ಲ. ಬೇಕಾದವರು ಮೆಸೇಜ್ ಮಾಡಿ, ದಾರಿಯ ಜಿಪಿಎಸ್ ಟ್ರ್ಯಾಕ್ ಕಳಿಸುತ್ತೇನೆ.

ನಾರಾವಿಯವ

ದಯವಿಟ್ಟು ಕಳಿಸಬೇಡಿ, ಬೇರೆಯವರೂ ಕೇಳಬೇಡಿ. ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನ, 1987ರಿಂದ. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆ ಬೀಳುತ್ತದೆ. ಸೈಕಲ್ಲಿಗೆ ಇಂಜಿನ್ ಇಲ್ಲ, ಸದ್ದಿಲ್ಲ ಅಂತ ವಾದ ಮಾಡುವವರನ್ನು ನೋಡಿದ್ದೇನೆ. ಸದ್ದಿಲ್ಲ ಅನ್ನುವುದೇ ತೊಂದರೆ ಮಾರಾಯ್ರೆ. ಜೀಪ್ ಬಂದರೆ ಕಾಟಿಗೆ (ಕಾಡುಕೋಣಕ್ಕೆ) ದೂರದಿಂದಲೇ ಗೊತ್ತಾಗುತ್ತದೆ, ಸರಿದು ನಿಲ್ಲುತ್ತದೆ. ನೀವು ಇಳಿಜಾರಿನಲ್ಲಿ ಸದ್ದಿಲ್ಲದೆ ಬಂದು ತಿರುವಿನಲ್ಲಿ ಅದರ ಮೂಗಿನ ಹತ್ತಿರ ನಿಂತರೆ? ಒಂದು ಟನ್ ತೂಗುವ ಪ್ರಾಣಿ. ಅದಕ್ಕೆ ಹೆದರಿಕೆ ಆದರೆ ಅದು ಎರಡು ದಿಕ್ಕಿಗೆ ಓಡಬಹುದು, ಒಂದು ದಿಕ್ಕಿನಲ್ಲಿ ನೀವಿದ್ದೀರಿ.

ಕಾಡು ನೋಡಲೇಬೇಕು ಅಂದರೆ ಹೆದ್ದಾರಿಯಲ್ಲೇ ಹೋಗಿ. ಮಾಳದಿಂದ ಎಸ್.ಕೆ. ಬಾರ್ಡರ್‌ವರೆಗಿನ ಏರು ಯಾವ ಮಣ್ಣು ರಸ್ತೆಗೂ ಕಡಿಮೆ ಇಲ್ಲ, ಎರಡು ಬದಿಯೂ ಕಾಡು. ಚೆಕ್‌ಪೋಸ್ಟಿನಲ್ಲಿ ಹೇಳಿ ಹೋಗಿ, ಹಗಲಲ್ಲೇ ವಾಪಸ್ ಬನ್ನಿ, ನಡುವೆ ನಿಂತು ಸೆಲ್ಫಿ ಬೇಡ. ಆಗುಂಬೆಯೂ ಹಾಗೆಯೇ, ಸೋಮೇಶ್ವರದಿಂದ ಮೇಲೆ 14 ತಿರುವು, ಡಾಂಬರು ಆದರೂ ಹೊಟ್ಟೆ ತುಂಬುತ್ತದೆ.

ಬೆಟ್ಟದಬುಡ

ಸರಿ ಸರಿ. ಹೇಳಿದ್ದು ತಪ್ಪಾಯಿತು. ನಾನು ಹೋಗುವಾಗ ಬೋರ್ಡು ಕಾಣಲಿಲ್ಲ.

ನಾರಾವಿಯವ

ಬೋರ್ಡಿನ ಮೇಲೆ ಬಳ್ಳಿ ಹಬ್ಬಿರುತ್ತದೆ. ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ, ಸರ್ಕಾರದ್ದೋ ಖಾಸಗಿಯೋ ಅಂತ ತಿಳಿಯುತ್ತದೆ. ಸೈಕಲ್ಲಿನವರಿಗೆ ಯಾವ ನಕ್ಷೆಗಿಂತಲೂ ಇದು ಉಪಯೋಗ.

ಏರುಮಣಿಪಾಲ

ನಾನು ಒಬ್ಬಳೇ ಹೋಗುವವಳು, ಹಾಗಾಗಿ ನನ್ನ ಲೆಕ್ಕ ಸ್ವಲ್ಪ ಬೇರೆ. ಜನ ಇಲ್ಲದ ರಬ್ಬರ್ ತೋಟಕ್ಕಿಂತ ಮನೆ ಇರುವ ಬೈಲು ದಾರಿ ನನಗೆ ಇಷ್ಟ. ಬೆಳಗ್ಗೆ ಹಾಲು ಡೈರಿಗೆ ಹೋಗುವವರು ಇರುತ್ತಾರೆ, ಎರಡನೇ ವಾರ ಗುರುತು ಹಿಡಿಯುತ್ತಾರೆ, ಮೂರನೇ ವಾರ "ಕಳೆದ ವಾರ ಯಾಕೆ ಬರಲಿಲ್ಲ" ಅಂತ ಕೇಳುತ್ತಾರೆ.

ಹೊಸಬರು ಮೊದಲು ಸಮುದ್ರದ ಬದಿಯ ದಾರಿ ಮಾಡಿ. ಏರು ಇಲ್ಲ, ದಾರಿ ತಪ್ಪುವ ಭಯ ಇಲ್ಲ. ಕಾಪು ದೀಪಸ್ತಂಭದ ಹತ್ತಿರ ಶುರು ಮಾಡಿ, ಕೈಪುಂಜಾಲು, ಮಟ್ಟು, ಪಡುಕೆರೆ, ಸೇತುವೆ ದಾಟಿ ಮಲ್ಪೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಒಂದು ಪಟ್ಟಿ ಭೂಮಿ. ಮಟ್ಟುವಿನಲ್ಲಿ ಗದ್ದೆಯಲ್ಲಿ ಗುಳ್ಳ ಬೆಳೆದಿರುತ್ತಾರೆ, ವಾದಿರಾಜರು ಬೀಜ ಕೊಟ್ಟದ್ದು ಅಂತ ಹೇಳುವ ಬದನೆ. ಚಳಿಗಾಲದಲ್ಲಿ ಬೆನ್ನಿನ ಬ್ಯಾಗಿನಲ್ಲಿ ಎರಡು ಕೆಜಿ ಹಾಕಿ ತಂದರೆ ಮನೆಯಲ್ಲಿ ಸೈಕಲ್ಲಿನ ಮೇಲೆ ಸಿಟ್ಟು ಕಡಿಮೆ ಆಗುತ್ತದೆ, ಕದ್ರಿಯವರೇ, ಇದು ನಿಮಗೆ 😄

ಇನ್ನೂ ಬೇಕಾದರೆ ಮಲ್ಪೆಯಿಂದ ಹೂಡೆ, ಕೋಡಿ ಬೆಂಗ್ರೆ. ಸ್ವರ್ಣಾ, ಸೀತಾ ಎರಡೂ ಹೊಳೆ ಸಮುದ್ರ ಸೇರುವ ತುದಿ. ಅಲ್ಲಿ ರಸ್ತೆ ಮುಗಿಯುತ್ತದೆ. ನಡುವೆ ಕೆಮ್ಮಣ್ಣಿನ ತೂಗುಸೇತುವೆ ನೋಡಿ, ಸೈಕಲ್ ತಳ್ಳಿಕೊಂಡು ಕುದ್ರುವಿಗೆ, ಅಂದರೆ ಹೊಳೆ ನಡುವಿನ ದ್ವೀಪಕ್ಕೆ, ಹೋಗಬಹುದು, ಸೇತುವೆ ಅಲ್ಲಾಡುವಾಗ ಗಾಬರಿ ಬೇಡ.

ಮತ್ತೆ ಕಾಟಿಯ ಬಗ್ಗೆ ಎಲ್ಲ ಮಾತಾಡಿದಿರಿ. ನನ್ನನ್ನು ನಿಜವಾಗಿ ಅಟ್ಟಿಸಿಕೊಂಡು ಬಂದದ್ದು ನಾಯಿಗಳು ಮಾತ್ರ. ಓಡಿಸಬೇಡಿ, ಇಳಿಯಿರಿ, ಸೈಕಲ್ ನಡುವೆ ಇಟ್ಟುಕೊಂಡು ನಡೆಯಿರಿ. ಸೈಕಲ್ ನಿಂತ ಕೂಡಲೇ ಅರ್ಧ ನಾಯಿಗಳಿಗೆ ಆಸಕ್ತಿ ಹೋಗುತ್ತದೆ.

ಪಡುಗಾಳಿ

ಅಕ್ಕ ಹೇಳಿದ ದಾರಿ ನಮ್ಮ ಮನೆ ಮುಂದೆಯೇ ಹೋಗುತ್ತದೆ. ಒಂದೇ ವಿನಂತಿ, ಒದ್ದೆ ಹೊಯಿಗೆಯ ಮೇಲೆ ಓಡಿಸಬೇಡಿ. ಇಳಿತದ ಹೊತ್ತಿಗೆ ಗಟ್ಟಿ ಇರುತ್ತದೆ, ಮಜಾ ಬರುತ್ತದೆ ನಿಜ. ನಮ್ಮ ದೋಣಿಯ ಕಬ್ಬಿಣ ಎಷ್ಟು ಬೇಗ ಹೋಗುತ್ತದೆ ಅಂತ ನಮಗೆ ಗೊತ್ತು, ನಿಮ್ಮ ಚೈನು ಅದಕ್ಕಿಂತ ಸಪೂರ. ಓಡಿಸಿದವರು ಅವತ್ತೇ ಸಿಹಿನೀರಿನಲ್ಲಿ ತೊಳೆದು ಒರೆಸಿ ಎಣ್ಣೆ ಹಾಕಿ, ನಾಳೆ ಅನ್ನಬೇಡಿ. ಮತ್ತೆ ಒಣಹಾಕಿದ ಬಲೆಯ ಮೇಲೆ ಹತ್ತಿಸಬೇಡಿ. ಕಳೆದ ತಿಂಗಳು ಒಬ್ಬ ಹತ್ತಿಸಿದ, ಬಲೆ ಹರಿಯಿತು, ಅವನ ಪೆಡಲಿಗೆ ಸುತ್ತಿಕೊಂಡು ಅವನೂ ಬಿದ್ದ. ಯಾರಿಗೆ ಬೈಯುವುದು ಅಂತ ನಮಗೆ ಗೊತ್ತಾಗಲಿಲ್ಲ.

ಬೈಲುಮನೆ

ನಾನು ಸೈಕಲ್ಲಿನವನಲ್ಲ, ಕೃಷಿಕ. ಮಗ ಈ ಚರ್ಚೆ ತೋರಿಸಿದ, ಎರಡು ಮಾತು ಬರೆಯಬೇಕು ಅನ್ನಿಸಿತು.

ನಮ್ಮ ಗದ್ದೆಯ ಹುಣಿಯ (ಬದುವಿನ) ಮೇಲೆ ಸೈಕಲ್ಲಿನವರು ಬರುತ್ತಾರೆ. ಬೇಡ ಅನ್ನುವುದಿಲ್ಲ. ಆದರೆ ಹುಣಿ ಅಂದರೆ ರಸ್ತೆ ಅಲ್ಲ. ಮಳೆಗಾಲದ ಏಣೆಲು ಬೆಳೆ ಕೊಯ್ದು, ಅದರ ನಂತರದ ಸುಗ್ಗಿ ಬೆಳೆಗೆ ಉಳುವ ಹೊತ್ತಿಗೆ ಹುಣಿಗೆ ಹೊಸ ಕೆಸರು ಮೆತ್ತಿರುತ್ತೇವೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ. ನಿಮ್ಮ ಚಕ್ರ ಅದರ ಮೇಲೆ ಒಂದು ಗೆರೆ ಎಳೆದರೆ ಆ ಗೆರೆಯಲ್ಲಿ ನೀರು ಹರಿಯಲು ಶುರುವಾಗುತ್ತದೆ, ರಾತ್ರಿ ಬೆಳಗಾಗುವಾಗ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಯಲ್ಲಿ. ನೀವು ಅಷ್ಟು ಹೊತ್ತಿಗೆ ಮನೆಯಲ್ಲಿ ಫೋಟೋ ಹಾಕುತ್ತಿರುತ್ತೀರಿ.

ತೋಟದ ದಾರಿಯೂ ಹಾಗೆಯೇ. ಕೆಲವು ಕುಮ್ಕಿ ಜಾಗ, ಕಾಗದದಲ್ಲಿ ಸರ್ಕಾರದ್ದು, ವರ್ಗ (ಪಟ್ಟಾ) ಜಾಗದ ಸುತ್ತ ಸುಮಾರು 100 ಗಜ, ಸೊಪ್ಪು ಸೌದೆಗೆ ಅಂತ ನಾವು ನೋಡಿಕೊಂಡು ಬಂದದ್ದು. ಆ್ಯಪಿನಲ್ಲಿ ಸರ್ಕಾರಿ ಅಂತ ಕಂಡಿತು ಅಂತ ಗೇಟು ತೆಗೆದು ಬರಬೇಡಿ. ಒಂದು ಕೂಗು ಹಾಕಿ. ಯಾರಾದರೂ ಬರುತ್ತಾರೆ, ಹೋಗಿ ಅನ್ನುತ್ತಾರೆ. ಗೇಟು ತೆಗೆದಿದ್ದರೆ ಹಾಗೆಯೇ ಬಿಡಿ, ಮುಚ್ಚಿದ್ದರೆ ಮುಚ್ಚಿ ಹೋಗಿ. ಮುಚ್ಚದೆ ಹೋದದ್ದರಿಂದ ನಮ್ಮ ದನ ಎರಡು ಕಿಮೀ ದೂರದಲ್ಲಿ ಸಿಕ್ಕಿತು ಒಮ್ಮೆ.

ಕದ್ರಿಗುಡ್ಡೆ

ಓದಿದೆ ಸರ್. ಅಡಿಕೆ ಅಂಗಳದ ಮನೆಯವರು ನೀವಲ್ಲ ತಾನೇ?

ಬೈಲುಮನೆ

ಅಲ್ಲ. ನಮ್ಮದು ಇನ್ನೂ ಮರದಲ್ಲಿ ಉಂಟು.

ಹಾಡಿಬದಿ

ಮಂಗಳೂರಿನಿಂದಲೇ ಸೈಕಲ್ ತುಳಿದು ಹೊರಡಬೇಕು, ಕಾರಿನಲ್ಲಿ ಹಾಕಿ ಕೊಂಡುಹೋಗುವುದು ಬೇಡ ಅನ್ನುವವರಿಗೆ, ತಮಾಷೆ ಬಿಟ್ಟು ಒಂದು ದಾರಿ ಹೇಳುತ್ತೇನೆ. ಅಡ್ಯಾರಿನಿಂದ ನೇತ್ರಾವತಿ ದಾಟಲು ಈಗ ಕಿಂಡಿ ಅಣೆಕಟ್ಟಿನ ಮೇಲೆ ಸೇತುವೆ ಉಂಟು, ದಾಟಿದರೆ ಹರೇಕಳ. ಕಿತ್ತಳೆ ಮಾರಿ ಶಾಲೆ ಕಟ್ಟಿದ ಹಾಜಬ್ಬರ ಊರು, 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತಲ್ಲ, ಅವರದ್ದು. ಅಲ್ಲಿಂದ ಪಾವೂರು, ಇನೋಳಿ ಕಡೆ ಗುಡ್ಡ ಹತ್ತಿ ಮುಡಿಪು, ಕೊಣಾಜೆ, ದೇರಳಕಟ್ಟೆ, ತೊಕ್ಕೊಟ್ಟು. ಗಿಡ್ಡ ಏರು, ಆದರೆ ಕಡಿದು. ಗಿಯರಿನ ಚಕ್ರಕ್ಕೆ ಮುಂದೆ 40 ಹಲ್ಲು, ಹಿಂದೆ 42 ಇದ್ದರೂ ಒಂದೆರಡು ಕಡೆ ಇಳಿದು ತಳ್ಳಬೇಕಾಗುತ್ತದೆ. ತಳ್ಳುವುದಕ್ಕೆ ನಾಚಿಕೆ ಬೇಡ, ನೋಡುವವರು ಹೇಗೂ "ಗಾಳಿ ಹೋಯಿತಾ?" ಅಂತಲೇ ಕೇಳುತ್ತಾರೆ. ಹೌದು ಅಂತ ಹೇಳಿ.

ಕದ್ರಿಗುಡ್ಡೆ

ಡಿಸೆಂಬರ್ ಎರಡನೇ ಭಾನುವಾರ ಎರಡು ಗೊಮ್ಮಟ ಸುತ್ತು ಮಾಡಿ ಬಂದೆ. ವರದಿ ಉದ್ದ ಆಗಬಹುದು, ಕ್ಷಮಿಸಿ.

ಕಾರು ಮೂಡುಬಿದಿರೆಯಲ್ಲಿ ಇಟ್ಟು ಬೆಳಗ್ಗೆ ಆರಕ್ಕೆ ಕಡಲಕೆರೆಯಿಂದ ಹೊರಟೆ. ಕೆರೆಯ ಮೇಲೆ ಮಂಜು, ಚಳಿ ಅಂತ ಹೇಳುವಷ್ಟು ಇಲ್ಲ, ಆದರೆ ಕೈ ಬೆರಳು ಗೊತ್ತಾಗುತ್ತಿತ್ತು. ಕಾರ್ಕಳಕ್ಕೆ ಹೆದ್ದಾರಿಯಲ್ಲಿ ಹೋದದ್ದು ತಪ್ಪು, ಅಗಲ ಮಾಡುವ ಕೆಲಸ, ಟಿಪ್ಪರುಗಳು, ಧೂಳು. ಮುಂದೆ ಮಾಡುವವರು ಆ ತುಂಡನ್ನು ಬೆಳಕು ಹರಿಯುವ ಮೊದಲೇ ಮುಗಿಸಬೇಡಿ, ಹೊಂಡ ಕಾಣುವುದಿಲ್ಲ. ತಡ ಮಾಡಬೇಡಿ, ಲಾರಿ ಬರುತ್ತದೆ. ಸರಿಯಾದ ಹೊತ್ತು ಯಾವುದು ಅಂತ ನನಗೂ ಗೊತ್ತಾಗಲಿಲ್ಲ.

ಬಜಗೋಳಿಯಲ್ಲಿ ಬನ್ಸ್, ಚಹಾ. ಕರಿಕಲ್ಲು ಅಣ್ಣ ಹೇಳಿದ ಹಾಗೆ ಕೇಳಿದೆ, ಹೇಳಿದ ಹಾಗೆಯೇ ಆಯಿತು. ಒಬ್ಬರು ಎಡ ಅಂದರು, ಒಬ್ಬರು ಬಲ ಅಂದರು, ಮೂಲೆಯಲ್ಲಿ ಪೇಪರ್ ಓದುತ್ತಿದ್ದವರು ಪೇಪರ್ ಇಳಿಸದೆ "ಎರಡೂ ಕೊನೆಗೆ ಒಂದೇ ಕಡೆ ಹೋಗುತ್ತದೆ" ಅಂದರು. ಬಲಕ್ಕೆ ಹೋದೆ. ರಬ್ಬರ್ ತೋಟ, ಕೆಂಪು ದಾರಿ, ಸುಮಾರು ಮೂರು ಕಿಮೀ. 32 ಪಿಎಸ್ಐ ಹಾಕಿದ್ದೆ, ಸೈಕಲ್ ಬೇರೆಯೇ ಆಗಿತ್ತು. ಒಂದು ತಿರುವಿನಲ್ಲಿ ಬ್ರೇಕು ಒತ್ತಿದೆ. ಒತ್ತಬೇಡಿ ಅಂತ ಪದವು ಅವರು ಬರೆದದ್ದು ನೆನಪಾದದ್ದು ಬಿದ್ದ ಮೇಲೆ. ಮೊಣಕೈ ತರಚಿತು, ಅಷ್ಟೇ. ಚರಳು ನಿಜವಾಗಿಯೂ ಕಡಲೆಕಾಳಿನ ಹಾಗೆಯೇ ಉಂಟು, ಮೂರು ಕಾಳು ಚರ್ಮದೊಳಗೆ ಸಿಕ್ಕಿತ್ತು.

ಇದೆಲ್ಲ ಬಿಡಿ. ನಾರಾವಿ ಕಳೆದು ವೇಣೂರಿಗೆ ಮೊದಲು ಒಂದು ತೋಡಿನ (ಸಣ್ಣ ಹಳ್ಳದ) ಬದಿ ದಾರಿ ಹಿಡಿದೆ. ದಾರಿ ಒಂದು ಸಣ್ಣ ಕಿಂಡಿ ಅಣೆಕಟ್ಟಿನಲ್ಲಿ ಮುಗಿಯಿತು. ನಾಲ್ಕು ಜನ ಹಲಗೆ ಹಾಕುತ್ತಿದ್ದರು. ನಾನು ಈ ಕೆಲಸ ಮೊದಲು ನೋಡಿರಲಿಲ್ಲ. ಒಂದೊಂದು ಕಿಂಡಿಗೂ ಎರಡು ಸಾಲು ಹಲಗೆ, ಗೇಣು ಬಿಟ್ಟು ಇನ್ನೊಂದು ಸಾಲು, ನಡುವೆ ಕೆಂಪು ಮಣ್ಣು ತುಂಬಿ ಕಾಲಿನಲ್ಲಿ ತುಳಿಯುತ್ತಿದ್ದರು. ಮೂರು ಕಿಂಡಿ ಮುಗಿದಿತ್ತು, ನಾಲ್ಕನೆಯದರಲ್ಲಿ ನೀರು ಬುಳುಬುಳು ಅಂತ ಹೋಗುತ್ತಿತ್ತು. ಮೇಲೆ ಎರಡಡಿ ಅಗಲದ ಕಾಂಕ್ರೀಟ್ ಪಟ್ಟಿ, ಕೈ ಹಿಡಿಯಲು ಕಂಬಿ ಇಲ್ಲ. ದಾಟಬಹುದಾ ಅಂತ ಕೇಳಿದೆ. ಸೈಕಲ್ ತಳ್ಳಿಕೊಂಡು ಹೋಗಿ ಅಂದರು. ಗ್ರಾವೆಲ್ ಸೈಕಲ್ಲಿನ ಹ್ಯಾಂಡಲ್ 44 ಸೆಂಮೀ ಮಾತ್ರ, ಆರಾಮ ಹೋಯಿತು. ನನ್ನ ಹಳೇ ಎಂಟಿಬಿ (ಮೌಂಟನ್ ಸೈಕಲ್) ಆಗಿದ್ದರೆ ಅದರದ್ದು 72, ಅರ್ಧ ಹ್ಯಾಂಡಲ್ ನೀರಿನ ಮೇಲೆ ಇರುತ್ತಿತ್ತು. ದುಡ್ಡು ಕೊಟ್ಟದ್ದಕ್ಕೆ ಮೊದಲ ಸಲ ಸಮಾಧಾನ ಆಯಿತು.

ಆಚೆ ಬದಿ ಮುಟ್ಟಿದಾಗ ಮಣ್ಣು ತುಳಿಯುತ್ತಿದ್ದ ಹಿರಿಯರು ಕೇಳಿದರು, ಎಷ್ಟು ಸೈಕಲ್ಲಿಗೆ? ಹದಿನೈದು ಸಾವಿರ ಅಂದೆ. ಅವರು ಮೇಲಿನಿಂದ ಕೆಳಗೆ ನೋಡಿದರು. "ಇಷ್ಟು ಕೊಟ್ಟೂ ಸ್ಟ್ಯಾಂಡ್ ಇಲ್ವಾ?" ಅಂದರು. ಕ್ಯಾರಿಯರ್ ಕೂಡ ಇಲ್ಲ ಅಂತ ಇನ್ನೊಬ್ಬರು ಸೇರಿಸಿದರು. ನಿಜವಾದ ಬೆಲೆ ಹೇಳಿದ್ದರೆ ಆ ಮಣ್ಣಿನಲ್ಲೇ ಹೂಳುತ್ತಿದ್ದರೋ ಏನೋ.

ವೇಣೂರಿನಲ್ಲಿ ಗೊಮ್ಮಟನ ಮುಂದೆ ಅರ್ಧ ಗಂಟೆ ಕೂತೆ. ಮೂಡುಬಿದಿರೆಗೆ ಒಂದೂವರೆಗೆ ಬಂದೆ. ಮನೆ ಮುಟ್ಟುವಾಗ ಊಟ ತಣ್ಣಗಾಗಿತ್ತು, ಮುಖಗಳೂ. 74 ಕಿಮೀ, ಅದರಲ್ಲಿ ಮಣ್ಣು ಹೆಚ್ಚೆಂದರೆ 15.

ಕರಿಕಲ್ಲು ಕಾರ್ಕಳ

15 ಸಿಕ್ಕಿತಾ! ನನಗೆ ಈ ವರ್ಷ 12. ಆ ತೋಡಿನ ದಾರಿ ನನಗೆ ಗೊತ್ತಿರಲಿಲ್ಲ. ಟ್ರ್ಯಾಕ್ ಕಳಿಸಿ, ಜನವರಿಯಲ್ಲಿ ನಾವು ನಾಲ್ಕೈದು ಜನ ಹೊರಟಿದ್ದೇವೆ.

ಗಾಳಿಪಂಪು

ಮೊಣಕೈ ಗಾಯಕ್ಕೆ ಟಿಟಿ ಇಂಜೆಕ್ಷನ್ ಹಾಕಿಸಿದಿರಾ? ಬ್ರೇಕ್ ಪ್ಯಾಡ್ ನೋಡಿದಿರಾ? ಎರಡನೆಯದಕ್ಕೆ ಅಂಗಡಿಗೆ ಬನ್ನಿ.

ಬೈಲುಮನೆ

ಜನವರಿಯಲ್ಲಿ ಹೋಗುವವರು ಸ್ವಲ್ಪ ನಿಲ್ಲಿ. ಹಲಗೆ ಹಾಕಿ ಆಯಿತು ಅಂದರೆ ಮೇಲ್ಗಡೆ ನೀರು ನಿಲ್ಲುತ್ತದೆ. ನಿಲ್ಲಲಿ ಅಂತಲೇ ಹಾಕುವುದು, ಸುಗ್ಗಿಗೂ ತೋಟಕ್ಕೂ ಅದೇ ನೀರು. ಇವರು ಬಂದ ತೋಡಿನ ಬದಿ ದಾರಿ ಎರಡು ವಾರದಲ್ಲಿ ನೀರಿನ ಅಡಿ ಹೋಗಿರುತ್ತದೆ, ಮೇ ತಿಂಗಳಲ್ಲಿ ಹಲಗೆ ತೆಗೆಯುವವರೆಗೆ ಅದು ದಾರಿ ಅಲ್ಲ. ಜನ ಈಗ ಗುಡ್ಡದ ಮೇಲಿನಿಂದ ಸುತ್ತಿ ಬರುವ ದಾರಿಯಲ್ಲಿ ಹೋಗುತ್ತಾರೆ, ಅದನ್ನು ಹಿಡಿಯಿರಿ.

ಕರಿಕಲ್ಲು ಕಾರ್ಕಳ

ಮೇಲಿನ ದಾರಿ ಹೇಗುಂಟು ಸರ್, ಮಣ್ಣಾ?

ಬೈಲುಮನೆ

ಕಳೆದ ವರ್ಷದವರೆಗೆ ಮಣ್ಣು. ಮೊನ್ನೆ ಜಲ್ಲಿ ತಂದು ರಾಶಿ ಹಾಕಿದ್ದಾರೆ, ಸಂಕ್ರಾಂತಿಯೊಳಗೆ ಕಾಂಕ್ರೀಟು ಅಂತೆ. ಬೇಕಾದರೆ ಬೇಗ ಬನ್ನಿ.